ಉದ್ದನಪಲ್ಲಿ ನರಸಮ್ಮನ ಆಟದ ಕೋರ್ಟು

ನರಸಮ್ಮನ ಮೇಲೆ ನನಗೆ ಬಂದಷ್ಟು ಸಿಟ್ಟು ಈ ಭೂಮಿಯ ಮೇಲೆ ಇನ್ನಾರ ಮೇಲೂ ಬಂದಿಲ್ಲ. ಹಾಗೆಂದು ನಾನೇನು ಶಾಂತಮೂರ್ತಿಯಲ್ಲ. ಕಾಫಿ ತಣ್ಣಗಿದ್ದರೂ ಸಾಕು, ಬಸ್ಸು ನಿಲ್ಲಿಸದೆ ಹೋದರೂ ಸಾಕು, ಕೋಪ ನನ್ನ ಮೂಗಿನ ತುದಿಯಲ್ಲೇ ಕೂತಿರುತ್ತದೆ. ಆದರೆ ೧೯೮೪ರ ಫೆಬ್ರವರಿಯ ಒಂದು ಮಧ್ಯಾಹ್ನ ಅವಳು ಮಾಡಿದ ಘನಕಾರ್ಯಕ್ಕೆ ಬಂದ ಸಿಟ್ಟಿನ ಜಾತಿಯೇ ಬೇರೆ. ಈಗ ಐದು ವರ್ಷವಾಯಿತು. ಅವಳು ಹೊಸೂರು ಕೋರ್ಟಿನಲ್ಲಿ ವಕೀಲಿ ಮಾಡುತ್ತಿದ್ದಾಳೆ, ನಾನೂ ಅಲ್ಲೇ ಇದ್ದೇನೆ, ದಿನಾ ಮುಖ ನೋಡುತ್ತೇವೆ. ಆದರೂ ಆ ದಿನ ನೆನಪಾದರೆ ಇವತ್ತಿಗೂ ನನ್ನ ಕಿವಿ ಬಿಸಿಯಾಗುತ್ತದೆ.

ನರಸಮ್ಮ ಉದ್ದನಪಲ್ಲಿಯ ಆವುಲಪ್ಪನ ಮಗಳು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ರಾಯಕೋಟೆಯ ಹೈಸ್ಕೂಲಿನಲ್ಲಿ ತಮಿಳು. ಇಂಗ್ಲಿಷು ಮಾತ್ರ ಕಾಲೇಜಿಗೆ ಬಂದ ಮೇಲೆ, ಹೊಸ ಸೊಸೆಯ ಹಾಗೆ ತಲೆ ತಗ್ಗಿಸಿಕೊಂಡು ಅವಳ ಬಾಯಿಗೆ ಬಂತು. ಕುಳ್ಳಗೆ, ಗಟ್ಟಿಮುಟ್ಟಾಗಿ, ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹೆಣೆದುಕೊಂಡು ಬರುತ್ತಿದ್ದಳು. ಬೆಂಗಳೂರಿನ ಲಾ ಕಾಲೇಜಿಗೆ ಸೇರಿದಾಗ ಹೊಸೂರಿನ ಪಕ್ಕದ ಮತ್ತಿಗಿರಿಯಲ್ಲಿ ಅವಳ ಚಿಕ್ಕಮ್ಮನ ಮನೆಯಲ್ಲಿ ಉಳಿದಿದ್ದಳು. ನಮ್ಮ ಮನೆಯೂ ಮತ್ತಿಗಿರಿಯಲ್ಲೇ. ನಮ್ಮಪ್ಪ ಬೋರಯ್ಯ ಕುಣಿಗಲ್ ಕಡೆಯಿಂದ ಬಂದು ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದವರು. ನಾವಿಬ್ಬರೂ ಒಂದೇ ಕಾಲೇಜು, ಒಂದೇ ಬಸ್ಸು. ನಾನು ಅವಳಿಗಿಂತ ಒಂದು ವರ್ಷ ದೊಡ್ಡವನಾದ್ದರಿಂದ ‘ಹನುಮಣ್ಣ’ ಎನ್ನುತ್ತಿದ್ದಳು.

ಅವಳ ಕಥೆ ಹೇಳಬೇಕಾದರೆ ಅವಳ ಅಜ್ಜಿ ಅಕ್ಕಯಮ್ಮನ ಜಗಲಿಯನ್ನು ಹೇಳಲೇಬೇಕು. ಊರ ದೊಡ್ಡ ವ್ಯಾಜ್ಯಗಳೆಲ್ಲ ಗಂಡಸರ ಪಂಚಾಯ್ತಿಗೆ ಹೋಗುತ್ತಿದ್ದವು. ಬಾವಿಯ ಸರದಿ, ಮೇಯ್ದ ಕುರಿ, ಕಳೆದ ಕೋಳಿ, ಅತ್ತೆ ಸೊಸೆಯ ಜಗಳ ಇಂಥವೆಲ್ಲ ಅಕ್ಕಯಮ್ಮನ ಜಗಲಿಗೆ ಬರುತ್ತಿದ್ದವು. ಅಲ್ಲಿ ಅವಳದೇ ಎರಡು ಕಟ್ಟಳೆ. ಒಂದು, ಎದುರು ಕಡೆಯವನಿಗೆ ಮಾತು ಹೊರಡದಿದ್ದರೆ ಇತ್ತ ಕಡೆಯವನೇ ಅವನ ಮಾತನ್ನು ಹೇಳಿಕೊಡಬೇಕು. “ಬಾಯಿಲ್ದೋನ್ ಮ್ಯಾಲೆ ಗೆದ್ರೆ ಅದು ಗೆಲುವಲ್ಲ, ಕಳ್ತನ” ಎನ್ನುತ್ತಿದ್ದಳು. ಇನ್ನೊಂದು, ಸೋತವರು ಬರಿಗೈಯಲ್ಲಿ ಹೋಗಬಾರದು. ಒಂದು ಅಚ್ಚು ಬೆಲ್ಲವೋ ಒಂದು ತೆಂಗಿನಕಾಯೋ ಕೊಟ್ಟು ಕಳಿಸಬೇಕು. ಗೆದ್ದವರಿಗೆ ಏನೂ ಇಲ್ಲ. ಗೆದ್ದಾಗಿದೆಯಲ್ಲ, ಇನ್ನೇನು ಬೇಕು ಅವರಿಗೆ?

ಒಂದು ಸಲ ನಾನೇ ಅಲ್ಲಿ ಕೂತು ನೋಡಿದ್ದೆ. ದೊಡ್ಡವೆಂಕಟಪ್ಪನ ಕುರಿಗಳು ಪಕ್ಕದ ಮನೆಯ ಬೈರಮ್ಮನ ಅವರೆ ಹೊಲಕ್ಕೆ ನುಗ್ಗಿದ್ದವು. ದೊಡ್ಡವೆಂಕಟಪ್ಪ ಉಗ್ಗ. ಸಿಟ್ಟು ಬಂದರೆ ಅವನ ಬಾಯಿಂದ ಒಂದು ಅಕ್ಷರವೂ ಹೊರಡುತ್ತಿರಲಿಲ್ಲ. ಅಕ್ಕಯಮ್ಮ ಬೈರಮ್ಮನ ಕಡೆ ತಿರುಗಿ, “ಅವನೇನು ಯೋಳ್ಬೇಕು ಅಂತವ್ನೆ, ನೀನೇ ಯೋಳು” ಎಂದಳು. ಬೈರಮ್ಮ ಮೂತಿ ಸೊಟ್ಟಗೆ ಮಾಡಿಕೊಂಡು, “ಇನ್ನೇನ್ ಯೋಳ್ತಾನೆ, ಬೇಲಿ ಮುರಿದು ತಿಂಗ್ಳಾಯ್ತು, ನೀನು ಕಟ್ಲಿಲ್ಲ ಅಂತಾನೆ. ಎರಡ್ ಸಲ ಬಂದು ಯೋಳ್ದೆ, ನೀನು ಕಿವಿ ಮ್ಯಾಲೆ ಹಾಕ್ಕೊಳ್ಳಿಲ್ಲ ಅಂತಾನೆ” ಎಂದು ಶುರುಮಾಡಿದವಳು ಅವನ ಪರವಾಗಿ ಎಷ್ಟು ಚೆನ್ನಾಗಿ ವಾದಿಸಿದಳೆಂದರೆ ತಾನೇ ಸೋತುಹೋದಳು. ಆಮೇಲೆ ಬೆಲ್ಲದಚ್ಚು ಸೆರಗಿನಲ್ಲಿ ಕಟ್ಟಿಕೊಂಡು, ಎಲ್ಲರನ್ನೂ ಬೈದುಕೊಂಡು ಮನೆಗೆ ಹೋದಳು. ನಾನು ಬಿದ್ದು ಬಿದ್ದು ನಕ್ಕಿದ್ದೆ. ಆ ನಗುವಿಗೆ ಮುಂದೆ ಬಡ್ಡಿಸಮೇತ ಅಳುತ್ತೇನೆಂದು ಆಗ ಗೊತ್ತಿರಲಿಲ್ಲ.

ನಮ್ಮ ಕೊನೆಯ ವರ್ಷದಲ್ಲಿ ಕಾಲೇಜಿಗೆ ಒಂದು ಸುದ್ದಿ ಬಂತು. ಮಾನವ ಹಕ್ಕುಗಳ ಮೇಲೆ ಮೂಟ್ ಕೋರ್ಟ್ ಸ್ಪರ್ಧೆ. ಎಂದರೆ ನಿಜವಾದ ಕಕ್ಷಿಗಾರರಿಲ್ಲದ, ನಿಜವಾದ ತೀರ್ಪಿಲ್ಲದ, ವಿದ್ಯಾರ್ಥಿಗಳೇ ವಕೀಲರಾಗಿ ವಾದಿಸುವ ನಕಲಿ ನ್ಯಾಯಾಲಯ. ನಮ್ಮ ದೇಶದವರಲ್ಲದೆ ಕೊಲಂಬೋ, ಢಾಕಾ, ಕಠ್ಮಂಡುವಿನ ವಿಶ್ವವಿದ್ಯಾಲಯಗಳವರೂ ಬೆಂಗಳೂರಿಗೆ ಬರುವವರಿದ್ದರು. ಇಲ್ಲಿ ಗೆದ್ದ ಜೋಡಿಗೆ ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಕೊನೆಯ ಸುತ್ತು. ಹೋಗಿ ಬರುವ ವಿಮಾನದ ಟಿಕೇಟು ಅವರದೇ. ಕಾಲೇಜಿನಲ್ಲಿ ಆಯ್ಕೆ ನಡೆದು ನಾನೂ ನರಸಮ್ಮನೂ ಜೋಡಿಯಾದೆವು. ಕಾನೂನಿನ ಭಾಗ ನನ್ನದು, ಸಂಗತಿಯ ಭಾಗ ಅವಳದು. ನನ್ನ ಇಂಗ್ಲಿಷು ಎಕ್ಸ್‌ಪ್ರೆಸ್ ಬಸ್ಸು, ಅವಳದು ಎತ್ತಿನ ಗಾಡಿ. ಆದರೆ ಎತ್ತಿನ ಗಾಡಿಯಲ್ಲಿ ಹತ್ತಿದವರು ಯಾರೂ ಕೆಳಗೆ ಬೀಳುತ್ತಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು.

“ನಿನಗ್ಯಾಕೆ ಇದರ ಮೇಲೆ ಇಷ್ಟು ಆಸೆ?” ಎಂದು ಒಂದು ದಿನ ಬಸ್ಸಿನಲ್ಲಿ ಕೇಳಿದೆ. ಮಾನವ ಹಕ್ಕು, ಲೋಕಕಲ್ಯಾಣ ಎಂದೇನಾದರೂ ಹೇಳುತ್ತಾಳೆಂದುಕೊಂಡಿದ್ದೆ.

“ವಿಮಾನ ಹನುಮಣ್ಣ” ಎಂದಳು. “ಸುಳ್ಳ್ಯಾಕೆ ಯೋಳ್ಲಿ. ಒಂದ್ಸಲ ಮ್ಯಾಲಿಂದ ಕೆಳಗೆ ನೋಡ್ಬೇಕು. ನಮ್ಮೂರ ಕೆರೆ, ರಾಯಕೋಟೆ ಬೆಟ್ಟ ಎಲ್ಲ ಅಲ್ಲಿಂದ ಎಂಗೆ ಕಾಣ್ತವೆ ಅಂತ ನೋಡ್ಬೇಕು. ಮಾನವ ಹಕ್ಕು ಆಮೇಲೆ.”

ನನ್ನ ಆಸೆಯೂ ಅದೇ. ನಮ್ಮಪ್ಪ ಆಗಲೇ ಫ್ಯಾಕ್ಟರಿಯಲ್ಲೆಲ್ಲ ಟಾಂಟಾಂ ಹೊಡೆದಾಗಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ ನಾನೊಂದು ಉಣ್ಣೆಯ ಕೋಟನ್ನೂ ಹೊಲಿಸಿಬಿಟ್ಟಿದ್ದೆ.

ವಾದಕ್ಕೆ ಕೊಟ್ಟ ಕಥೆ ಹೀಗಿತ್ತು. ಭೂಪಟದಲ್ಲಿಲ್ಲದ ಒಂದು ದೇಶ. ಅಲ್ಲಿನ ಸರ್ಕಾರ ಒಂದು ಅಣೆಕಟ್ಟು ಕಟ್ಟಬೇಕೆಂದಿದೆ. ಕಟ್ಟಿದರೆ ಬೆಟ್ಟದ ಜನರ ಹಳ್ಳಿಗಳು ಮುಳುಗುತ್ತವೆ. ಕಟ್ಟದಿದ್ದರೆ ಕೆಳಗಿನ ಪಟ್ಟಣಕ್ಕೆ ಕುಡಿಯುವ ನೀರಿಲ್ಲ, ಕೊಳಕು ನೀರು ಕುಡಿದು ಮಕ್ಕಳು ಕಾಲರಾದಿಂದ ಸಾಯುತ್ತಿದ್ದಾರೆ. ಬೆಟ್ಟದವರಿಗೆ ತಮ್ಮ ಮನೆಯಲ್ಲಿ ಬಾಳುವ ಹಕ್ಕು, ಪಟ್ಟಣದ ಮಕ್ಕಳಿಗೆ ಜೀವದ ಹಕ್ಕು. ಯಾವುದು ದೊಡ್ಡದು? ಸ್ಪರ್ಧೆಯ ನಿಯಮದ ಪ್ರಕಾರ ಪ್ರತಿ ಜೋಡಿಯೂ ಒಂದು ಸುತ್ತಿನಲ್ಲಿ ಬೆಟ್ಟದವರ ಪರ ವಾದಿಸಿದರೆ ಇನ್ನೊಂದರಲ್ಲಿ ಸರ್ಕಾರದ ಪರ ವಾದಿಸಬೇಕು.

ನಾವು ಅಭ್ಯಾಸ ಮಾಡುತ್ತಿದ್ದುದು ಹೊಸೂರಿನ ಬಸ್ಸಿನಲ್ಲೇ. ಎರಡು ವಾರದಲ್ಲಿ ಬಸ್ಸಿಗೆ ಬಸ್ಸೇ ಎರಡು ಪಕ್ಷವಾಯಿತು. ಎಡಗಡೆಯ ಸೀಟಿನವರು ಅಣೆಕಟ್ಟು ಬೇಕೆಂದರೆ ಬಲಗಡೆಯವರು ಬೇಡವೆಂದರು. ಚಂದಾಪುರದಲ್ಲಿ ಇಳಿಯಬೇಕಾದ ಒಬ್ಬರು ಬೆಟ್ಟದವರ ಪರ ಮಾತಾಡುತ್ತಾ ಅತ್ತಿಬೆಲೆಗೆ ಬಂದುಬಿಟ್ಟರು. ಕಂಡಕ್ಟರು ಮಾತ್ರ ಯಾರ ಪಕ್ಷಕ್ಕೂ ಸೇರದೆ, “ಜಡ್ಜಮ್ಮ, ಟಿಕೇಟ್” ಎಂದು ನರಸಮ್ಮನನ್ನು ರೇಗಿಸುತ್ತಿದ್ದ.

ಉದ್ದನಪಲ್ಲಿಗೆ ಹೋದಾಗ ಇದನ್ನೆಲ್ಲ ಅಕ್ಕಯಮ್ಮನಿಗೆ ವಿವರಿಸಿದೆವು. ಅವಳು ಅದಕ್ಕೆ ‘ಆಟದ ಕೋರ್ಟು’ ಎಂದು ಹೆಸರಿಟ್ಟಳು. ಒಬ್ಬರೇ ಎರಡೂ ಕಡೆ ವಾದ ಮಾಡಬೇಕೆಂದರೆ ಬೆಚ್ಚಿಬೀಳುತ್ತಾಳೆಂದು ನಾನು ಕಾದಿದ್ದೆ. “ಮತ್ತಿನ್ನೆಂಗೆ?” ಎಂದು ಎಲೆಗೆ ಸುಣ್ಣ ಹಚ್ಚಿಕೊಂಡಳು. ಅವಳಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಫೆಬ್ರವರಿ ಬಂತು. ಮೊದಲ ಸುತ್ತುಗಳನ್ನು ಗೆದ್ದೆವು. ಸೆಮಿಫೈನಲಿನಲ್ಲಿ ಸರ್ಕಾರದ ಪರ ನಿಂತು ನರಸಮ್ಮ ಆ ಪಟ್ಟಣದ ಮಕ್ಕಳ ಬಗ್ಗೆ ಆಡಿದ ಮಾತಿಗೆ ಢಾಕಾದವರು ಮುದುರಿ ಕೂತರು. ಇನ್ನು ಫೈನಲ್. ಎದುರಿಗೆ ಕಠ್ಮಂಡುವಿನ ಜೋಡಿ. ನಾಣ್ಯ ಚಿಮ್ಮಿದಾಗ ನಮಗೆ ಬೆಟ್ಟದವರ ಕಡೆ ಬಂತು, ಅವರಿಗೆ ಸರ್ಕಾರದ ಕಡೆ.

ಫೈನಲ್ ನೋಡಲು ಆವುಲಪ್ಪ ಹೊಸೂರಿನಿಂದ ಒಂದು ಮೆಟಡೋರ್ ಗೊತ್ತುಮಾಡಿ ಅರ್ಧ ಊರನ್ನೇ ಕರೆತಂದ. ಅಕ್ಕಯಮ್ಮ, ಬೈರಮ್ಮ, ಉಗ್ಗ ದೊಡ್ಡವೆಂಕಟಪ್ಪ, ಇನ್ನೂ ಯಾರ್ಯಾರೋ. ಮಧ್ಯಾಹ್ನ ಕಾಲೇಜಿನ ಹೊಂಗೆ ಮರದ ಕೆಳಗೆ ಚಿತ್ರಾನ್ನದ ಬುಟ್ಟಿ ಬಿಚ್ಚಿದರು. ಕಠ್ಮಂಡುವಿನ ತೇಜ್ ಎಂಬ ಹುಡುಗ ಒಬ್ಬನೇ ಅತ್ತಿಂದಿತ್ತ ಓಡಾಡುತ್ತಾ ತನ್ನ ವಾದವನ್ನು ಬಾಯಿಪಾಠ ಮಾಡುತ್ತಿದ್ದ. ಅಕ್ಕಯಮ್ಮ ಅವನನ್ನು ಕೈಹಿಡಿದು ಕೂರಿಸಿ ಎಲೆ ಹಾಕಿ ಬಡಿಸಿದಳು. “ಅಜ್ಜಿ, ಅವನು ನಮ್ಮ ಎದುರಾಳಿ” ಎಂದೆ. “ಎದುರಾಳಿಗೆ ಹೊಟ್ಟೆ ಇರಾಕಿಲ್ವೇನ್ಲಾ?” ಎಂದಳು. ಅವನು ಎರಡು ಸಲ ಹಾಕಿಸಿಕೊಂಡು ತಿಂದ.

ಸಭಾಂಗಣದ ಹಿಂದಿನ ಸಾಲುಗಳಲ್ಲಿ ಉದ್ದನಪಲ್ಲಿಯವರು ತುಂಬಿಕೊಂಡರು. ಮೂವರು ನ್ಯಾಯಾಧೀಶರು. ನಡುವೆ ಹೈಕೋರ್ಟಿನಿಂದ ನಿವೃತ್ತರಾದ ಒಬ್ಬ ಹಿರಿಯರು. ನಮ್ಮ ಕಪ್ಪು ಗೌನುಗಳನ್ನು ನೋಡಿ ಬೈರಮ್ಮ, “ಈ ಸೆಕೇಲಿ ಕಂಬ್ಳಿ ಹೊದ್ಕೊಂಡವ್ರಲ್ಲ” ಎಂದದ್ದು ಮುಂದಿನ ಸಾಲಿಗೂ ಕೇಳಿಸಿತು.

ಮೊದಲು ನಾನು ವಾದಿಸಿದೆ, ಆಮೇಲೆ ನರಸಮ್ಮ. ನಿಧಾನವಾಗಿ, ಒಂದೊಂದೇ ಮಾತು ಇಟ್ಟುಕೊಂಡು, ಮನೆಯೆಂದರೆ ಗೋಡೆ ಸೂರು ಮಾತ್ರವಲ್ಲ, ನೆರೆಯವರೂ ಮನೆಯೇ, ಅವರನ್ನು ದಿಕ್ಕಿಗೊಬ್ಬರಂತೆ ಒಯ್ದು ಬಿಟ್ಟರೆ ಬದುಕು ಎಲ್ಲಿಂದ ಬರುತ್ತದೆ ಎಂದಳು. ನ್ಯಾಯಾಧೀಶರು ಪೆನ್ನು ಕೆಳಗಿಟ್ಟು ಕೇಳಿದರು. ನಾವು ಗೆಲ್ಲುತ್ತಿದ್ದೆವು. ಇದು ನನ್ನ ಜಂಬವಲ್ಲ, ಸಭೆಯಲ್ಲಿದ್ದ ಯಾರನ್ನು ಬೇಕಾದರೂ ಕೇಳಿ.

ಆಮೇಲೆ ತೇಜ್ ಎದ್ದ. ಚೆನ್ನಾಗಿಯೇ ಶುರುಮಾಡಿದ. ಎರಡು ಮಾತು ಆಡುವಷ್ಟರಲ್ಲಿ ಹಿರಿಯ ನ್ಯಾಯಾಧೀಶರು ಅಡ್ಡ ಬಂದು, “ಜನರನ್ನು ಅವರ ಮನೆಯೊಳಗೇ ಮುಳುಗಿಸಲು ನಿಮ್ಮ ಸರ್ಕಾರಕ್ಕೆ ಏನು ಹಕ್ಕಿದೆ?” ಎಂದು ಕೇಳಿದರು. ಹುಡುಗನ ಬಾಯಿ ತೆರೆದಿತ್ತು, ಮಾತು ಬರಲಿಲ್ಲ. ಕಾಗದ ತಿರುವಿದ, ನೀರು ಕುಡಿದ. ಅವನದೇ ಊರು ಒಂದು ಬೆಟ್ಟದ ಇಳಿಜಾರಿನಲ್ಲಿದೆಯಂತೆ. ಆ ಪ್ರಶ್ನೆ ಕೇಳಿದಾಗ ತನ್ನ ತಾಯಿ ಬಾಗಿಲಲ್ಲಿ ನಿಂತದ್ದು ಕಣ್ಣಿಗೆ ಕಟ್ಟಿ ಎಲ್ಲ ಮರೆತುಹೋಯಿತು ಎಂದು ಆಮೇಲೆ ಹೇಳಿದ. ಅವನ ಜೊತೆಗಾರನೂ ಬೆವರುತ್ತಾ ಸುಮ್ಮನೆ ಕೂತಿದ್ದ. ಸಮಯ ನೋಡುವವನು ಗಡಿಯಾರದ ಮೇಲೆ ಕಣ್ಣಿಟ್ಟಿದ್ದ. ನನಗೆ ಪಾಪವೂ ಅನ್ನಿಸಲಿಲ್ಲ, ಪುಣ್ಯವೂ ಅನ್ನಿಸಲಿಲ್ಲ. ಜಿನೀವಾದಲ್ಲಿ ಚಳಿ ಹೇಗಿರುತ್ತದೋ, ಕೋಟು ಸಾಕಾಗುತ್ತದೋ ಇಲ್ಲವೋ ಎಂದು ಯೋಚಿಸುತ್ತಿದ್ದೆ.

ಪಕ್ಕದಲ್ಲಿ ನರಸಮ್ಮ ಚಡಪಡಿಸುತ್ತಿದ್ದಳು. ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು. ನೋಡಿದರೆ ಎದ್ದು ನಿಂತಿದ್ದಾಳೆ. ನಾನು ಗೌನು ಹಿಡಿದು ಎಳೆದೆ. ಬಿಡಿಸಿಕೊಂಡಳು.

“ಮೈ ಲಾರ್ಡ್” ಎಂದಳು ಇಂಗ್ಲಿಷಿನಲ್ಲಿ, “ನನ್ನ ಎದುರಿನ ಮಿತ್ರರು ಪಟ್ಟಣದ ಮಕ್ಕಳ ವಿಷಯ ಹೇಳಬೇಕೆಂದಿದ್ದಾರೆ. ಬೆಟ್ಟದವರಿಗೆ ಹೋಗುವುದು ಮನೆ, ಆ ಮಕ್ಕಳಿಗೆ ಹೋಗುವುದು ಪ್ರಾಣ. ಮನೆಯನ್ನು ಇನ್ನೊಂದು ಕಡೆ ಕಟ್ಟಿಕೊಡಬಹುದು, ಮಗುವನ್ನು ಕಟ್ಟಿಕೊಡಲಾಗುವುದಿಲ್ಲ. ಸರ್ಕಾರಕ್ಕೆ ಇರುವುದು ಮುಳುಗಿಸುವ ಹಕ್ಕಲ್ಲ, ಉಳಿಸುವ ಹೊಣೆ. ಇದು ಅವರ ಮಾತು.”

ಹಿರಿಯರು ಕನ್ನಡಕ ತೆಗೆದರು. “ನೀವು ಯಾರ ಪರ ವಕೀಲರೆಂದು ನೆನಪಿದೆಯೇ?”

“ನೆನಪಿದೆ ಮೈ ಲಾರ್ಡ್. ಬೆಟ್ಟದವರ ಪರ. ಎದುರಿನವರ ಮಾತು ತಮ್ಮ ಕಿವಿಗೆ ಬೀಳದೆ ನಾನು ಗೆದ್ದರೆ, ಗೆದ್ದದ್ದು ಯಾರ ಮೇಲೆ?”

“ನಿಯಮದ ಪ್ರಕಾರ ಇದು ತಪ್ಪು. ಅಂಕ ಕಳೆಯಬೇಕಾಗುತ್ತದೆ.”

“ತಿಳಿದಿದೆ ಮೈ ಲಾರ್ಡ್” ಎಂದು ಕೂತಳು. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಸುಟ್ಟು ಬೂದಿಯಾಗುತ್ತಿದ್ದಳು.

ಹಿಂದಿನ ಸಾಲಿನಿಂದ ಚಪ್ಪಾಳೆ ಬಿತ್ತು. ಉದ್ದನಪಲ್ಲಿಯವರಿಗೆ ಇಂಗ್ಲಿಷಿನ ಒಂದು ಮಾತೂ ಅರ್ಥವಾಗಿರಲಿಲ್ಲ. ಆದರೆ ಬಾಯಿ ಕಟ್ಟಿದವನ ಬಾಯನ್ನು ನರಸಮ್ಮ ಬಿಡಿಸಿದ್ದು ಅವರಿಗೆ ಚೆನ್ನಾಗಿ ಅರ್ಥವಾಗಿತ್ತು. ದೊಡ್ಡವೆಂಕಟಪ್ಪನಂತೂ ಎದ್ದು ನಿಂತೇ ತಟ್ಟುತ್ತಿದ್ದ. ತೇಜ್‌ಗೆ ಎಲ್ಲಿಂದಲೋ ಜೀವ ಬಂತು. ಅವಳು ಬಿಟ್ಟಲ್ಲಿಂದ ಹಿಡಿದ ಹುಡುಗ ಕೊನೆಯವರೆಗೂ ನಿಲ್ಲಲಿಲ್ಲ. ಅಷ್ಟು ಒಳ್ಳೆಯ ವಾದವನ್ನು ಆ ಸ್ಪರ್ಧೆಯಲ್ಲೇ ಯಾರೂ ಮಾಡಿರಲಿಲ್ಲ. ಕೊನೆಗೆ ಉತ್ತರ ಕೊಡುವ ಸರದಿ ನಮಗೆ ಬಂದಾಗ ನರಸಮ್ಮ ಅದಕ್ಕೂ ಒಳ್ಳೆಯ ಉತ್ತರವನ್ನೇ ಕೊಟ್ಟಳು. ಆದರೆ ಕೈಗೆ ಬಂದ ತುತ್ತು ಆಗಲೇ ಬಾಯಿಗೆ ಬಾರದೆ ಹೋಗಿತ್ತು.

ಫಲಿತಾಂಶ ಹೇಳುವಾಗ ಹಿರಿಯರು, ಎರಡೂ ಕಡೆ ಸಮಸಮವಾಗಿತ್ತು, ಆದರೆ ಸರದಿ ತಪ್ಪಿ ಮಾತಾಡಿ ಎದುರಾಳಿಗೆ ನೆರವಾದದ್ದಕ್ಕೆ ನಿಯಮದಂತೆ ಅಂಕ ಕಳೆಯಲೇಬೇಕಾಯಿತು ಎಂದರು. ಬೆಳ್ಳಿ ಕಪ್ಪು ಕಠ್ಮಂಡುವಿಗೆ ಹೋಯಿತು. ಜಿನೀವಾವೂ ಅದರ ಜೊತೆಗೇ ಹೋಯಿತು.

ಮುಂದೆ ನಡೆದದ್ದು ಉದ್ದನಪಲ್ಲಿಯವರಿಗೆ ಮಾತ್ರ ಸಾಧ್ಯ. ಕಪ್ಪು ತೇಜ್‌ನ ಕೈಗೆ ಬಂದದ್ದೇ ತಡ, ಅವರೆಲ್ಲ ನರಸಮ್ಮ ಗೆದ್ದಳೆಂದು ಹಿಗ್ಗಿಬಿಟ್ಟರು. ಸೋತವರಿಗೆ ತಾನೇ ಏನಾದರೂ ಕೊಟ್ಟು ಕಳಿಸುವುದು? ಬೆಂಗಳೂರಿನವರು ಸ್ಥಿತಿವಂತರು, ಬೆಲ್ಲದ ಬದಲು ಬೆಳ್ಳಿ ಕೊಟ್ಟಿದ್ದಾರೆ, ಅಷ್ಟೇ. ಅಕ್ಕಯಮ್ಮ ನೇರವಾಗಿ ತೇಜ್‌ನ ಹತ್ತಿರ ಹೋಗಿ ಅವನ ಗಲ್ಲ ಸವರಿ, “ಬೇಜಾರ್ ಮಾಡ್ಕೋಬ್ಯಾಡ ಕಣಪ್ಪ. ನೀನೂ ಚೆಂದಾಗೇ ಮಾತಾಡ್ದೆ. ಇನ್ನೊಂದ್ಸಲ ಗೆಲ್ತೀಯ” ಎಂದು ಸಮಾಧಾನ ಹೇಳಿದಳು. ಅವನು ಕಪ್ಪನ್ನು ಕಂಕುಳಲ್ಲಿ ಇರುಕಿಕೊಂಡು ಅವಳ ಕಾಲಿಗೆ ನಮಸ್ಕಾರ ಮಾಡಿದ. ಗಾಯದ ಮೇಲೆ ಬರೆ ಎಳೆದಂತಾಯಿತು ನನಗೆ. ನರಸಮ್ಮ ಏನೋ ಹೇಳಲು ಹೋದಳು, ಅಷ್ಟರಲ್ಲಿ ಊರವರು ಅವಳನ್ನು ಮೆಟಡೋರಿಗೆ ಹತ್ತಿಸಿಬಿಟ್ಟಿದ್ದರು.

ದಾರಿಯುದ್ದಕ್ಕೂ ವಿಮಾನದ ಮಾತೇ ಮಾತು. ವಿಮಾನದಲ್ಲಿ ಎಲೆ ಅಡಿಕೆ ಉಗಿಯಲು ಜಾಗವಿರುತ್ತದೆಯೇ ಎಂದು ಒಬ್ಬರು ಕೇಳಿದರೆ, ಕಿಟಕಿ ತೆಗೆದರೆ ಮೋಡ ಒಳಗೆ ಬರುತ್ತದೆ ಎಂದು ಇನ್ನೊಬ್ಬರು. ನಾನು ಹಲ್ಲು ಕಚ್ಚಿಕೊಂಡು ಕೂತಿದ್ದೆ. ಅತ್ತಿಬೆಲೆಯಲ್ಲಿ ಟೀ ಕುಡಿಯಲು ನಿಲ್ಲಿಸಿದರು. ಎಲ್ಲರ ಕೈಗೂ ಗ್ಲಾಸು ಬಂದ ಮೇಲೆ ನರಸಮ್ಮ ಅಕ್ಕಯಮ್ಮನ ಎದುರಿಗೆ ಹೋಗಿ ನಿಂತಳು.

“ಅಜ್ಜಿ, ನಾನು ಗೆಲ್ಲಿಲ್ಲ. ಆ ಬೆಳ್ಳಿ ಕಪ್ಪು ಗೆದ್ದೋರ್ಗೆ ಕೊಡೋದು. ವಿಮಾನದಾಗೆ ಅವ್ನೇ ಹೋಗೋದು.”

ಆವುಲಪ್ಪ ತುಟಿಗೆ ಹಿಡಿದ ಗ್ಲಾಸನ್ನು ಕೆಳಗಿಳಿಸಿದ. ಬೈರಮ್ಮ, “ಅದೆಂಗಾಯ್ತದೆ? ಅವ್ನ ಬಾಯಿ ಕಟ್ಟೋಗಿತ್ತಲ್ಲ, ನೀನೇ ತಾನೆ ಬುಡಿಸಿದ್ದು?” ಎಂದಳು.

“ಊಂ. ಅದ್ಕೇ ಸೋತಿದ್ದು.”

ನನಗೆ ತಡೆಯಲಾಗಲಿಲ್ಲ. “ಅಜ್ಜಿ, ಇವಳು ತೆಪ್ಪಗೆ ಕೂತಿದ್ದಿದ್ರೆ ಸಾಕಾಗಿತ್ತು. ಬರೀ ಕೂತಿದ್ದಿದ್ರೆ ನಾವು ಗೆದ್ದಿರ್ತಿದ್ವಿ. ನಿಮ್ಮ ಜಗಲಿ ನ್ಯಾಯನ ಅಲ್ಲಿಗೆ ತಗೊಂಡ್ಹೋಗಿ ತನ್ನ ಕಾಲ್ಮೇಲೆ ತಾನೇ ಕಲ್ಲು ಹಾಕ್ಕೊಂಡ್ಲು. ನನ್ನ ಕಾಲ್ಮೇಲೂ ಹಾಕಿದ್ಲು.”

ಅಕ್ಕಯಮ್ಮ ನನ್ನ ಕಡೆ ತಿರುಗಲೇ ಇಲ್ಲ. ಮೊಮ್ಮಗಳನ್ನೇ ನೋಡುತ್ತಾ ಕೇಳಿದಳು. “ಎದ್ ನಿಂತ್ಕೊಳ್ಳೋವಾಗ ಸೋಲ್ತೀನಿ ಅಂತ ಗೊತ್ತಿತ್ತಾ?”

“ಗೊತ್ತಿತ್ತು.”

“ವಿಮಾನದಾಗೆ ಹೋಗೋದು ಬೇಕಾಗಿತ್ತಾ?”

ಅಲ್ಲಿಯವರೆಗೆ ನೆಟ್ಟಗಿದ್ದ ನರಸಮ್ಮನ ಮುಖ ಒಡೆಯಿತು. “ಬೇಕಾಗಿತ್ತು ಅಜ್ಜಿ. ತುಂಬಾ ಬೇಕಾಗಿತ್ತು” ಎಂದು ಅಂಗಡಿಯ ಮುಂದೆಯೇ ಗಟ್ಟಿಯಾಗಿ ಅಳತೊಡಗಿದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಅಳು” ಎಂದಳು ಅಕ್ಕಯಮ್ಮ. “ಬೇಕಾಗಿದ್ದು ಹೋದ್ರೆ ಅಳ್ಬೇಕು. ಎದ್ದು ನಿಂತಿದ್ಕೆ ಮಾತ್ರ ಅಳ್ಬ್ಯಾಡ.” ಕೈಯಲ್ಲಿದ್ದ ಗ್ಲಾಸನ್ನು ಕೆಳಗಿಟ್ಟಳು. “ಇಷ್ಟು ವರ್ಷ ಜಗ್ಲಿ ಮ್ಯಾಲೆ ಕೂತು ಎಲ್ಲಾರ್ಗೂ ಯೋಳ್ದೆ. ಅಲ್ಲಿ ಸೋತ್ರೆ ಹೋಗೋದೇನು, ಎರಡು ಸೇರು ಅವರೆಕಾಯಿ. ಇಷ್ಟು ದೊಡ್ಡದನ್ನ ಬುಟ್ಟು ಎದ್ದೋರು ನಮ್ಮೂರಾಗೆ ಯಾರೂ ಇಲ್ಲ ಕಣಮ್ಮಿ. ನಾನಾಗಿದ್ರೆ ಏಳ್ತಿದ್ನೋ ಇಲ್ವೋ, ದೇವ್ರೇ ಬಲ್ಲ.”

ಊರಿಗೆಲ್ಲ ನ್ಯಾಯ ಹೇಳಿದ ಮುದುಕಿ ಅಷ್ಟು ಜನರೆದುರು ಹಾಗೆ ಹೇಳುತ್ತಾಳೆಂದು ಯಾರೂ ಎಣಿಸಿರಲಿಲ್ಲ. ದೊಡ್ಡವೆಂಕಟಪ್ಪ ಏನೋ ಹೇಳಲು ಬಾಯಿ ತೆರೆದ. ಮಾತು ಹೊರಡದೆ ತನ್ನ ಟೀಯನ್ನೇ ನರಸಮ್ಮನ ಕೈಗೆ ಕೊಟ್ಟ. ಅವಳು ಮೂಗೊರೆಸಿಕೊಂಡು ಅದನ್ನೂ ಕುಡಿದಳು.

ಹೊರಡುವಾಗ ಅಕ್ಕಯಮ್ಮ ಡ್ರೈವರಿನ ಪಕ್ಕದ ತನ್ನ ಜಾಗಕ್ಕೆ ಹತ್ತಲಿಲ್ಲ. ಬಾಗಿಲು ಹಿಡಿದು ನಿಂತು, “ನೀನು ಮುಂದೆ ಕೂತ್ಕೋ” ಎಂದು ನರಸಮ್ಮನನ್ನು ಹತ್ತಿಸಿ, ತಾನು ಹಿಂದೆ ಬಂದು ನನ್ನ ಪಕ್ಕದಲ್ಲಿ ಒತ್ತರಿಸಿಕೊಂಡು ಕೂತಳು. ಅಜ್ಜಿ ಇರುವಾಗ ಆ ಜಾಗದಲ್ಲಿ ಆವುಲಪ್ಪನೂ ಕೂರುತ್ತಿರಲಿಲ್ಲ. ನನ್ನ ಸಿಟ್ಟು ಎಳ್ಳಷ್ಟೂ ಇಳಿದಿರಲಿಲ್ಲ. ಆದರೂ ಮುಂದಿನ ಸೀಟು ಆ ದಿನ ಯಾರದು ಎಂದು ಕೇಳಿದ್ದರೆ ನಾನೂ ನರಸಮ್ಮನ ಹೆಸರನ್ನೇ ಹೇಳುತ್ತಿದ್ದೆ.